ಕಲ್ಲುಕುಂಟೆಯ ಗುದ್ದಲಿ ಪೂಜೆ

ಜೆಸಿಬಿಯ ಬಕೆಟ್ಟು ಮತ್ತೆ ಮೇಲೆದ್ದಾಗ ಮಣ್ಣಿನ ಜೊತೆ ನೀರೂ ಸುರಿಯಿತು. ಚಾಲಕ ಫಹೀಮ್ ಇಂಜಿನ್ ನಿಲ್ಲಿಸಿ ಇಣುಕಿದ.

"ಮೇಡಂ, ಗುಂಡಿ ಅಲ್ಲ ಇದು, ಬಾವಿ."

ಮಹದೇವಪುರದ ಆಚೆ, ಕಲ್ಲುಕುಂಟೆಯಲ್ಲಿ, ಭೂಮಿಯ ಮೇಲಿರುವ ಅಷ್ಟೂ ಜನ ಸೇರಿದ್ದರು. ಹಾರಗಳ ಭಾರಕ್ಕೆ ಶವದ ವ್ಯಾನಿನ ಟೈರುಗಳು ಅರ್ಧ ಇಳಿದಿದ್ದವು. ಒಳಗೆ ಮಲಗಿದ್ದವರು ಆರು ಸಲದ ಶಾಸಕ ಮುನಿಚೌಡಪ್ಪ. ಕೂತು ಕೂತು ವಿಧಾನಸಭೆಯ ಕುರ್ಚಿಗೇ ಅವರ ಬೆನ್ನಿನ ಆಕಾರ ಬಂದಿತ್ತು. ಅಲ್ಲಿ ಅವರು ಬಾಯಿ ತೆರೆದದ್ದು ಆಕಳಿಸುವುದಕ್ಕೆ ಮಾತ್ರ. ಆದರೆ ಗುದ್ದಲಿ ಪೂಜೆ! ಅವರು ಪೂಜೆ ಮಾಡಿದ ಜಾಗಗಳನ್ನೆಲ್ಲ ನಿಜಕ್ಕೂ ಅಗೆದು ಸೇರಿಸಿದ್ದರೆ, ಹಲಸೂರಲ್ಲಿ ಇಳಿದವನು ಕೋಲಾರದ ಚಿನ್ನದ ಗಣಿಯಲ್ಲಿ ಮೇಲೆ ಬರಬಹುದಿತ್ತು.

"ಇಲ್ಲೇ ಅಂತ ಅಪ್ಪ ಮೈಕಲ್ಲಿ ಹೇಳಿದ್ರು. ಇಲ್ಲೇ ಆಗ್ಬೇಕು" ಎಂದಳು ಮಗಳು ಶಾಂಭವಿ.

ಆಪ್ತ ಸಹಾಯಕ ನಿತೀಶ್ ಬೆವರು ಒರೆಸಿಕೊಂಡ. "ನೀರಲ್ಲಿ ಇಳಿಸೋಕಾಗತ್ತಾ ಮೇಡಂ? ಟಿವಿಯವ್ರು ಬೇರೆ ನಿಂತವ್ರೆ. ಹೊಸಕೋಟೆ ತೋಟಕ್ಕೆ ಹೋಗ್ಬಿಡೋಣ."

ಜನರನ್ನು ತಳ್ಳಿಕೊಂಡು ಜಟ್ಟೆಮ್ಮ ಮುಂದೆ ಬಂದಳು. ಯಾದಗಿರಿ ಕಡೆಯವಳು, ಪಕ್ಕದ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದು ಗಾರೆ ಕೆಲಸ ಮಾಡುವವಳು.

"ಒಯ್ಬ್ಯಾಡ್ರಿ ಅಕ್ಕಾರ. ಸಾಹೇಬ್ರು ಇಲ್ಲಿ ಮಲಗಿದ್ರ ಈ ಜಾಗಕ್ಕ ಯಾರೂ ಕೈ ಹಚ್ಚಂಗಿಲ್ಲ. ಕಾಂಪೌಂಡ್ ಬರ್ತದ, ಲೈಟ್ ಬರ್ತದ. ನಮ್ಮ ಯಜಮಾನ್ರು ಇವತ್ತ ನಾಳಿ ಅನ್ನಂಗ ಅದಾರ್ರಿ. ಹ್ವಾದ ಬ್ಯಾಸಗ್ಯಾಗ ಇಲ್ಲಿ ಹೂಳಾಕ ಜಾಗ ಸಿಗದ ಮೈದುನನ ಹೆಣ ಟೆಂಪೋದಾಗ ಊರಿಗೆ ಒಯ್ದೀವಿ. ಮುಟ್ಟೋದ್ರಾಗ ಮಾರಿ ಗುರ್ತು ಸಿಗಲಿಲ್ರಿ."

*

ಕಳೆದ ಚುನಾವಣೆ ಗೆದ್ದಾಗ ಇದೇ ಜಾಗದಲ್ಲಿ ಸ್ಮಶಾನಕ್ಕೆ ಗುದ್ದಲಿ ಪೂಜೆ ನಡೆದಿತ್ತು. ನೆಲ ಗಟ್ಟಿ. ಸಾಹೇಬರ ಕೈ ನೋಯಬಾರದೆಂದು ಜಟ್ಟೆಮ್ಮನೇ ಮರಳು ಹೊತ್ತು ತಂದು ಗುಡ್ಡೆ ಹಾಕಿದ್ದಳು. ಅರಿಶಿನ ಕುಂಕುಮ ಹಚ್ಚಿದ ಹೊಸ ಗುದ್ದಲಿಯಿಂದ ಮುನಿಚೌಡಪ್ಪನವರು ಮರಳಿಗೆ ಮೂರು ಏಟು ಹಾಕಿದರು, ಕ್ಯಾಮೆರಾಗೆ ಇನ್ನೊಂದು. ಗುದ್ದಲಿಯ ಬಾಯಿ ನೆಲ ಮುಟ್ಟಲೇ ಇಲ್ಲ.

ಜಟ್ಟೆಮ್ಮನ ಗಂಡ ಚಂದ್ರಾಮಪ್ಪ ಗುಂಪಿನಿಂದ ಕೂಗಿದ: "ಸಾಹೇಬ್ರ, ಇದು ಖರೇ ಆಗ್ತದೇನ್ರಿ, ಇಲ್ಲಾ ಫೋಟೋಕಷ್ಟೇನ್ರಿ?"

ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. ಆ ಹೊಟ್ಟೆ ನಿಲ್ಲುವುದಕ್ಕೇ ಹೊತ್ತು ಹಿಡಿಯಿತು. ಮೈಕು ಕಿತ್ತುಕೊಂಡರು. "ಲೇ, ನಾನು ಸತ್ರೂ ಇಲ್ಲೇ ಕಣೋ ಮಣ್ಣಾಗೋದು! ನಿನ್ ಪಕ್ಕದಲ್ಲೇ ಮಲಗ್ತೀನಿ, ಜಾಗ ಹಿಡ್ದಿಟ್ಟಿರು!"

ಬಿದ್ದ ಚಪ್ಪಾಳೆಗೆ ಕೆ.ಆರ್. ಪುರದ ತೂಗುಸೇತುವೆ ಅಲ್ಲಾಡಿತು. ಜನ ಚದುರಿದ ಮೇಲೆ ಜಟ್ಟೆಮ್ಮ ಆ ಮರಳನ್ನು ತುಂಬಿಕೊಂಡು ಹೊರಟಳು. ಮುಂದಿನ ಬೀದಿಯಲ್ಲಿ ಚರಂಡಿಯ ಪೂಜೆಯಿತ್ತು.

*

"ಹೆಸರಲ್ಲೇ ಕುಂಟೆ ಇದೆ, ಅಂದ್ರೆ ನೀರಿನ ಹೊಂಡ. ನೀರು ಬರ್ದೆ ಶರಬತ್ ಬರತ್ತಾ?" ಎಂದ ಫಹೀಮ್.

ಮೋಟಾರು ತಂದರು. ಅದು ಇಡೀ ಮಹದೇವಪುರ ಮುಳುಗುವಷ್ಟು ನೀರು ಉಗುಳಿತು. ಗುಂಡಿಯ ನೀರು ಒಂದು ಗೇಣೂ ಇಳಿಯಲಿಲ್ಲ. ಸರ್ಕಾರಿ ಗೌರವದ ಗುಂಡು ಹಾರಿಸಲು ಬಂದೂಕು ಹಿಡಿದು ಸಾಲಾಗಿ ನಿಂತ ಪೊಲೀಸರ ಬೂಟುಗಳು ಕೆಸರಿನಲ್ಲಿ ಹೂತವು.

ಶಾಂಭವಿ ಅಂಚಿಗೆ ಬಂದು ಬಗ್ಗಿದಳು. ಸುತ್ತಲಿನ ಅಪಾರ್ಟ್‌ಮೆಂಟುಗಳ ಕೊಚ್ಚೆ ಕಪ್ಪಗೆ ಜಿನುಗುತ್ತಿತ್ತು, ಮೇಲೆ ಸೋಪಿನ ನೊರೆ. ಸೆರಗು ಮೂಗಿಗೆ ಹೋಯಿತು.

"ನಮ್ಮಪ್ಪನ್ನ ಇದರಲ್ಲಿ ಹೇಗಮ್ಮಾ ಮಲಗಿಸ್ಲಿ?"

"ನಾ ತೆಗಿತೀನ್ರಿ ನೀರು. ಒಂದೀಟು ತಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಶಾಂಭವಿ ಅವಳ ಮುಖ ನೋಡಲಿಲ್ಲ. ನಿತೀಶನತ್ತ ತಿರುಗಿ, "ತೋಟಕ್ಕೆ" ಎಂದಳು.

ಜಟ್ಟೆಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದಳು. ಸೊಂಟದವರೆಗೆ ನೀರು. ಮೇಲೆ ವ್ಯಾನು ರಿವರ್ಸ್ ಹಾರ್ನ್ ಕೂಗಿಸುತ್ತ ಹಿಂದೆ ಸರಿಯಿತು. ಜೈಕಾರ ಅದರ ಬೆನ್ನಿಗೆ ದೂರವಾಯಿತು. ಅವಳು ಯಾರದೋ ಪ್ಲಾಸ್ಟಿಕ್ ಕೊಡದಲ್ಲಿ ಮೊಗೆದು ಮೊಗೆದು ಮೇಲಕ್ಕೆ ಎರಚುತ್ತಲೇ ಇದ್ದಳು. ಎರಚಿದ ನೀರು ಅಂಚಿನ ಮಣ್ಣನ್ನು ಕರಗಿಸಿಕೊಂಡು, ಅವಳ ಹೆಗಲ ಮೇಲಿಂದಲೇ, ಮತ್ತೆ ಗುಂಡಿಗೆ ಇಳಿಯುತ್ತಿತ್ತು.