ಚಾಂದಬಿಯ ಸಿಳ್ಳು

ಅಮೀನಸಾಬ ಹನ್ನೆರಡು ವರ್ಷ ರೈಲ್ವೆಯ ಒಬ್ಬ ಬಿಳಿ ಸಾಹೇಬರ ಕುದುರೆಗಾಡಿ ಹೊಡೆದಿದ್ದ. ೧೯೩೬ರ ಬೇಸಿಗೆಯಲ್ಲಿ ಸಾಹೇಬರು ಕಾಯಮ್ಮಾಗಿ ವಿಲಾಯತಿಗೆ ಹೊರಟಾಗ ವಯಸ್ಸಾದ ಕುದುರೆಯನ್ನೂ ಗಾಡಿಯನ್ನೂ ಅವನಿಗೇ ಬಿಟ್ಟುಕೊಟ್ಟರು. ಕೊನೆಗೆ ತಮ್ಮ ನಾಯಿಯ ಹಗ್ಗವನ್ನೂ ಅವನ ಕೈಗಿಟ್ಟು, ಮುಖ ತಿರುಗಿಸಿಕೊಂಡರು.

ಅದು ಕಪ್ಪು-ಬಿಳುಪಿನ, ಮೈತುಂಬ ಉದ್ದ ಕೂದಲಿನ ಹೆಣ್ಣುನಾಯಿ. ಸ್ಕಾಟ್ಲೆಂಡಿನಲ್ಲಿ ಕುರಿ ಕಾಯುವ ಕೋಲಿ ಎಂಬ ಜಾತಿಯದು. ಸಾಹೇಬರು ‘ಬೆಸ್’ ಎಂದು ಕರೆಯುತ್ತಿದ್ದರು. ಅಮೀನಸಾಬನ ಕಿವಿಗೆ ಅದು ಮೊದಲ ದಿನದಿಂದಲೂ ‘ಬೇಶ್’ ಎಂದೇ ಕೇಳಿಸಿತ್ತು. ಛಲೋ ನಾಯಿಗೆ ಛಲೋ ಹೆಸರು ಎಂದುಕೊಂಡಿದ್ದ.

ಹುಬ್ಬಳ್ಳಿಯ ಅಂಚಿನ ಗೋಪನಕೊಪ್ಪದಲ್ಲಿ ಅವನ ಮನೆ. ಹೆಂಡತಿ ಚಾಂದಬಿ ಬಾಗಿಲಲ್ಲೇ ತಡೆದಳು.

“ಏನ್ರಿ ಇದು?”

“ಸಾಹೇಬ್ರು ಕೊಟ್ರು.”

“ಕೊಟ್ರಂತ ತಂದಬಿಟ್ರಿ? ನಮಾಜ ಮಾಡೋ ಮನಿ ಇದು. ನಾಯಿ ಹೊಸ್ತಿಲ ದಾಟಬಾರದು ನೋಡ್ರಿ.”

“ದಾಟಂಗಿಲ್ಲ. ಕುದರಿ ಜೋಡಿ ಇರತೈತಿ.”

ಹಾಗೆ ಬೇಶ್ ಹಿತ್ತಲಿನ ಕುದುರೆಯ ಕೊಟ್ಟಿಗೆ ಸೇರಿತು. ಮುಂಜಾನೆ ಕುದುರೆಯ ಮೈ ತಿಕ್ಕಿದ ಮೇಲೆ ಅಮೀನಸಾಬ ಅದೇ ಬ್ರಷ್ಷಿನಿಂದ ನಾಯಿಯ ಕೂದಲು ಬಾಚುತ್ತಿದ್ದ. ಬಾಲಕ್ಕೆ ಸಿಕ್ಕ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ, ಕಿವಿಯ ಹಿಂದಿನ ಉಣ್ಣಿಗಳನ್ನು ಹೆಕ್ಕುತ್ತಿದ್ದ. ಬಿಸಿಲೇರಿದರೆ ಮಲಗಲು ಹಸಿ ಗೋಣಿತಟ್ಟು, ತಿನ್ನಲು ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ. ಇಷ್ಟು ಮಾಡಿ ಅವನು ಗಾಡಿ ಹೂಡಿಕೊಂಡು ಸ್ಟೇಶನ್ನಿಗೆ ಬಾಡಿಗೆಗೆ ಹೋಗುತ್ತಿದ್ದ.

ಅವನು ಹೋದ ಮೇಲೆ ಬೇಶ್ ತನ್ನ ಕೆಲಸ ಶುರು ಮಾಡುತ್ತಿತ್ತು. ಓಣಿಯಲ್ಲಿ ಚದುರಿಕೊಂಡಿದ್ದುದೆಲ್ಲ ಅದಕ್ಕೆ ಒಂದೆಡೆ ಸೇರಬೇಕು. ಕೋಳಿಗಳನ್ನು ಸುತ್ತುವರಿದು ಮೂಲೆಗೆ ಕೂಡಿಸುತ್ತಿತ್ತು. ಶಾಲೆಗೆ ಹೊರಟ ಹುಡುಗಿಯರಲ್ಲಿ ಒಬ್ಬಳು ಹಿಂದೆ ಬಿದ್ದರೆ ಅವಳನ್ನು ಮೂತಿಯಿಂದ ದೂಡಿ ಉಳಿದವರ ಜೊತೆ ಸೇರಿಸುತ್ತಿತ್ತು. ಒಂದು ದಿನ ಪಕ್ಕದ ಮನೆಯ ಕರೀಮಾಬಿಯ ಕರು ಮಾತು ಕೇಳಲಿಲ್ಲವೆಂದು ಅದರ ಹಿಮ್ಮಡಿಗೆ ಬಾಯಿ ಹಾಕಿತು. ಗಾಯವೇನೂ ಆಗಲಿಲ್ಲ. ಆದರೆ ಕರೀಮಾಬಿ ಓಣಿ ಕೂಡಿಸಿದಳು.

“ಇವತ್ತ ಕರಾ, ನಾಳಿ ನಮ್ಮ ಕೂಸು. ಕಟ್ಟಿ ಹಾಕ್ರಿ, ಇಲ್ಲಾ ಎಲ್ಲ್ಯರ ಬಿಟ್ಟ ಬರ್ರಿ!”

ಅಮೀನಸಾಬ ಬೇಶ್‌ನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ. ಅಂದಿನಿಂದ ಅದು ಕಂಬವನ್ನು ಸುತ್ತತೊಡಗಿತು. ಹಗ್ಗ ಸುತ್ತಿಕೊಂಡು ಗಿಡ್ಡವಾಗುವವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ ಬಿಡಿಸಿಕೊಳ್ಳುತ್ತಿತ್ತು. ನಾಲ್ಕನೆಯ ದಿನ ರೊಟ್ಟಿ ಮುಟ್ಟಲಿಲ್ಲ. ಐದನೆಯ ದಿನವೂ ಮುಟ್ಟಲಿಲ್ಲ.

“ತಿನ್ನ ಬೇ, ತಿನ್ನ,” ಎಂದಳು ಚಾಂದಬಿ, ದೂರದಿಂದಲೇ ತಟ್ಟೆ ಸರಿಸುತ್ತ. ಆಗ ಅವಳ ಕಣ್ಣಿಗೆ ಕಂಬದ ಸುತ್ತ ಸವೆದ ನೆಲ ಬಿತ್ತು. ನೋಡುತ್ತ ಅಲ್ಲೇ ಕುಳಿತಳು.

ಅವಳ ತವರು ಅಮ್ಮಿನಬಾವಿ. ಮದುವೆಯಾಗುವ ತನಕ ಅಪ್ಪನ ಆಡುಗಳನ್ನು ಕಾಯುತ್ತಿದ್ದವಳು ಅವಳೇ. ಹದಿಮೂರರಲ್ಲಿ ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅಡಿಗೆಮನೆಗೂ ಹಿತ್ತಲಿಗೂ ಸುಮ್ಮಸುಮ್ಮನೆ ತಿರುಗುತ್ತಿದ್ದಳು. ‘ಕಾಲಾಗ ಚಕ್ರ ಅದಾವೇನು?’ ಎಂದು ಅತ್ತೆ ಗದರಿದ್ದಳು. ಒಂದು ಕಡೆ ಕುಳಿತುಕೊಳ್ಳಲು ಕಲಿಯುವುದಕ್ಕೆ ಅವಳಿಗೆ ಒಂದು ವರ್ಷ ಹಿಡಿದಿತ್ತು.

ಮರುದಿನ ಮಧ್ಯಾಹ್ನ ತಲೆಯ ಮೇಲೆ ಸೆರಗು ಎಳೆದುಕೊಂಡು, ನಾಯಿಯ ಹಗ್ಗ ಹಿಡಿದು ಊರಾಚೆಯ ಗಾಯರಾಣಕ್ಕೆ ಹೊರಟಳು. ಆ ಬಯಲಿನಲ್ಲಿ ಕರೀಮಾಬಿಯ ಆಡುಗಳು ಕಾಯುವವರಿಲ್ಲದೆ ಮೇಯುತ್ತಿದ್ದವು. ಚಾಂದಬಿ ಹಗ್ಗ ಬಿಚ್ಚಿದಳು.

ಬೇಶ್ ಓಡಲಿಲ್ಲ, ಹರಿಯಿತು. ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ, ದೊಡ್ಡದೊಂದು ಸುತ್ತು ಹಾಕಿ ಆಡುಗಳ ಹಿಂದೆ ಹೋಯಿತು. ಇಂಥ ಪ್ರಾಣಿಯನ್ನೇ ಕಂಡಿರದ ಆಡುಗಳು ಬೆದರಿ ಪಕ್ಕದ ಹೊಲದ ಕಡೆ ನುಗ್ಗಿದವು. ಇನ್ನು ಬೆಳೆ ತುಳಿಯುತ್ತವೆ ಎನ್ನುವಷ್ಟರಲ್ಲಿ ಚಾಂದಬಿಯ ಎರಡು ಬೆರಳು ತಾವಾಗಿಯೇ ಬಾಯಿಗೆ ಹೋದವು.

ಸಾಹೇಬರು ಯಾವ ಸಿಳ್ಳಿಗೆ ಏನು ಕಲಿಸಿದ್ದರೋ ಅವಳಿಗೆ ಗೊತ್ತಿರಲಿಲ್ಲ. ಅವಳು ಹೊಡೆದದ್ದು ಅಮ್ಮಿನಬಾವಿಯ ಸಿಳ್ಳು, ಉದ್ದಕ್ಕೆ ಎಳೆದು ಕೊನೆಗೆ ತಟ್ಟನೆ ಮುರಿಯುವಂಥದ್ದು. ಬೇಶ್ ಇದ್ದಲ್ಲೇ ನೆಲಕ್ಕಂಟಿ ಮಲಗಿತು. ಆಡುಗಳೂ ನಿಂತವು. ಚಾಂದಬಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಮತ್ತೊಮ್ಮೆ, ಈ ಸಲ ಬೇಕೆಂದೇ, ಸಿಳ್ಳು ಹೊಡೆದಳು.

ಅಂದು ಸಂಜೆ ಬೇಶ್ ಮೂರು ರೊಟ್ಟಿ ತಿಂದಿತು.

ದಿನಾ ಮಧ್ಯಾಹ್ನ ಇಬ್ಬರೂ ಹೋಗತೊಡಗಿದರು. ನಾಯಿ ಮತ್ತೆ ತಿನ್ನುವುದನ್ನು ಕಂಡು, ಅದಕ್ಕೆ ಸಾಹೇಬರ ನೆನಪು ಕಡಿಮೆಯಾಯಿತೆಂದು ಅಮೀನಸಾಬ ತಿಳಿದಿದ್ದ. ಆದರೆ ಒಂದು ದಿನ ಬಾಡಿಗೆ ಇಲ್ಲದೆ ಬೇಗ ಮರಳುತ್ತಿದ್ದಾಗ ದಾರಿಯಲ್ಲಿ ಕುದುರೆ ಕಿವಿ ನಿಮಿರಿಸಿ ನಿಂತಿತು. ಆಮೇಲೆ ಅವನಿಗೂ ಕೇಳಿಸಿತು. ಗಾಯರಾಣದ ದಿಬ್ಬದ ಮೇಲೆ ಅವನ ಹೆಂಡತಿ ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದಳು. ಸೆರಗು ಗಾಳಿಗೆ ಹಾರಿ ಹೆಗಲಿಗೆ ಬಿದ್ದಿತ್ತು. ಅಮೀನಸಾಬ ಸದ್ದಿಲ್ಲದೆ ಗಾಡಿ ತಿರುಗಿಸಿ ಬೇರೆ ದಾರಿ ಹಿಡಿದ.

ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಹತ್ತಿರ ಬಂದು ಕುಳಿತ.

“ನೀ ಆಡು ಕಾಯ್ತಿದ್ದಿ ಅಂತ ಗೊತ್ತಿತ್ತು. ಸಿಳ್ಳ ಹೊಡಿತಿದ್ದಿ ಅಂತ ಗೊತ್ತಿರಲಿಲ್ಲ.”

ಅವಳ ಕೈ ನಿಂತಿತು. “ಯಾರ ಹೇಳಿದ್ರು?”

“ಕುದರಿ ಹೇಳ್ತು.”

“ಮಂದಿ ಕಂಡ್ರ ಏನಂದಾರು! ನಲವತ್ತೈದರ ಹೆಂಗಸು. ನಾಳಿಂದ ಹೋಗಂಗಿಲ್ಲ ಬಿಡ್ರಿ.”

“ಮತ್ತ ಅದಕ್ಕ ಏನ ಹೇಳತಿ?” ಎಂದು ಅವನು ಹಿತ್ತಲ ಕಡೆ ಗೋಣು ಹಾಕಿದ. “ನನಗೂ ಬರ್ತಿತ್ತು ನೋಡ. ಮುಂದಿನ ಹಲ್ಲ ಬಿದ್ದಮ್ಯಾಲ ಬರೇ ಗಾಳಿ.”

ಬೆರಳಿಟ್ಟು ಊದಿ ತೋರಿಸಿದ. ಗಾಳಿಯ ಜೊತೆ ಉಗುಳೂ ಬಂತು. ಚಾಂದಬಿ ಸೆರಗು ಬಾಯಿಗೊತ್ತಿ, ತವೆಯ ಮೇಲಿನ ರೊಟ್ಟಿ ಸೀಯುವ ತನಕ ನಕ್ಕಳು.

ಓಣಿಗೆ ಸುದ್ದಿ ತಿಳಿಯದೆ ಇರಲಿಲ್ಲ. ಕೆಲವರು ನಕ್ಕರು. ಕರೀಮಾಬಿ ಮಾತ್ರ ತುಸು ದಿನ ಬಿಗಿಯಾಗಿದ್ದು, ತನ್ನ ಆಡುಗಳು ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಿ ಮನೆಗೆ ಬರುವುದನ್ನು ಕಂಡು ಸುಮ್ಮನಾದಳು. ಮುಂದಿನ ಮುಂಗಾರಿನ ಹೊತ್ತಿಗೆ ಅರ್ಧ ಊರಿನ ಆಡುಗಳು ಬೇಶ್‌ನ ಹಿಂಡಿನಲ್ಲಿದ್ದವು.

ಮಿರಗದ ಮಳೆ ಆ ವರ್ಷ ಒಮ್ಮೆಗೇ ಸುರಿಯಿತು. ಹಳ್ಳ ಏರುವುದನ್ನು ಕಂಡು ಚಾಂದಬಿ ಹಿಂಡನ್ನು ಊರ ಕಡೆ ತಿರುಗಿಸಿದಳು. ಬೇಶ್ ಅರ್ಧ ದಾರಿ ಬಂದು ಹಿಂದಕ್ಕೆ ಓಡಿತು. ಹಳ್ಳದ ತಿರುವಿನಲ್ಲಿ ನಿಂತು ಅವಳ ಕಡೆ ನೋಡಿತು. ಅವಳು ಸಿಳ್ಳು ಹೊಡೆದಳು. ಬರಲಿಲ್ಲ. ಮತ್ತೆ ಹೊಡೆದಳು. ಹಿಂದೆಂದೂ ಹೀಗೆ ಮಾಡಿರಲಿಲ್ಲ.

“ಹುಚ್ಚ ಹಿಡೀತೇನ ನಿನಗ!” ಎಂದು ಕೂಗಿದಳು. ಕೂಗಿದ ಮೇಲೆ, ಯಾವುದೋ ಆಡು ಹಿಂದುಳಿದಿದೆಯೇನೋ ಎಂಬ ಸಂಶಯ ಬಂತು. ಆಡುಗಳಿಗೆ ಮನೆ ದಾರಿ ಗೊತ್ತಿತ್ತು. ಅವನ್ನು ಅವುಗಳ ಪಾಡಿಗೆ ಬಿಟ್ಟು ಕೆಸರಿನಲ್ಲಿ ಜಾರುತ್ತ ಹಿಂದಿರುಗಿದಳು.

ಜಾಲಿಗಿಡದ ಕೆಳಗಿನ ತಗ್ಗಿನಲ್ಲಿ ಕರೀಮಾಬಿಯ ಕಂದು ಆಡು ಈದಿತ್ತು. ಮರಿ ಏಳಲಾರದೆ ಬಿದ್ದಿತ್ತು, ನೀರು ಅದರ ಗೊರಸಿನವರೆಗೆ ಬಂದಿತ್ತು. ಬೇಶ್ ಓಡಿ ಬಂದು ನೀರಿಗೂ ಮರಿಗೂ ನಡುವೆ ಮಲಗಿ ಅದರ ಮೈ ನೆಕ್ಕತೊಡಗಿತು. ಚಾಂದಬಿ ಸೆರಗು ಬಿಚ್ಚಿ ಮರಿಯನ್ನು ಸುತ್ತಿ ಎದೆಗವಚಿಕೊಂಡಳು. ಸುರಿಯುವ ಮಳೆಯಲ್ಲಿ, ಬರಿತಲೆಯಲ್ಲಿ, ಮುಂದೆ ಅವಳು, ಹಿಂದೆ ತಾಯಿ ಆಡು, ಕೊನೆಗೆ ನಾಯಿ ಹೀಗೆ ಊರೊಳಗೆ ಬಂದರು.

ಕರೀಮಾಬಿ ಒಣ ಗೋಣಿಯಿಂದ ಮರಿಯನ್ನು ತಿಕ್ಕಿದಳು. ತುಂಬ ಹೊತ್ತಿನ ಮೇಲೆ ಅದು ಸಣ್ಣಗೆ ಅರಚಿತು. ಅವಳು ಒಳಗೆ ಹೋಗಿ, ಬಿಸಿ ರೊಟ್ಟಿಗೆ ತುಪ್ಪ ಸವರಿ ತಂದು, ಮುರಿದು ಬೇಶ್‌ನ ಮುಂದೆ ಇಟ್ಟಳು.

“ತಿನ್ನ ನಮ್ಮವ್ವಾ,” ಎಂದಳು.

ಒಂಬತ್ತು ವರ್ಷ ಕಳೆಯಿತು. ಕುದುರೆ ಸತ್ತಿತು. ಅಮೀನಸಾಬ ಗಾಡಿ ಮಾರಿ, ತಾನೂ ಕೋಲು ಹಿಡಿದು ಹಿಂಡಿನ ಜೊತೆ ಬರತೊಡಗಿದ. ಒಂದು ಮುಂಜಾನೆ ಚಾಂದಬಿ ಸಿಳ್ಳು ಹೊಡೆದಾಗ ಬೇಶ್ ತಿರುಗಲಿಲ್ಲ. ಯಾವ ಆಡು ಹಿಂದುಳಿಯಿತೋ ಎಂದು ಅವಳು ಎಲ್ಲ ಕಡೆ ಹುಡುಕಿದಳು. ಯಾವುದೂ ಹಿಂದುಳಿದಿರಲಿಲ್ಲ. ಅಮೀನಸಾಬ ನಾಯಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಅದು ಸುಮ್ಮನೆ ಹುಲ್ಲು ಮೂಸುತ್ತಿತ್ತು.

“ಕಿವಿ ಹೋಗ್ಯಾವ,” ಎಂದ ಅವನು ಮೆಲ್ಲಗೆ.

“ಕಣ್ಣ ಅದಾವಲ್ರಿ,” ಎಂದಳು ಚಾಂದಬಿ.

ಅಂದಿನಿಂದ ಅವಳು ಕೈಸನ್ನೆ ಕಲಿಸತೊಡಗಿದಳು. ಬಲಗೈ ಚಾಚಿದರೆ ಬಲಕ್ಕೆ, ಎಡಗೈ ಚಾಚಿದರೆ ಎಡಕ್ಕೆ, ಎರಡೂ ಎತ್ತಿದರೆ ಬಾ ಎಂದು. ಮುದಿ ನಾಯಿ ತಿಂಗಳೊಳಗೆ ಕಲಿಯಿತು. ಆದರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಅವಳು ಎಲ್ಲಿದ್ದಾಳೆಂದು ಹುಡುಕುತ್ತಿತ್ತು. ಹಾಗಾಗಿ ಅವಳು ದಿನಾ ಬಿಸಿಲಿಗೆ ಎದುರಾಗಿ, ಎಲ್ಲಿಂದಲೂ ಕಾಣುವಂತೆ ದಿಬ್ಬದ ಮೇಲೇ ನಿಲ್ಲುತ್ತಿದ್ದಳು. ತೋಳು ನೋಯುತ್ತಿತ್ತು. ಬೇಶ್ ತಿರುಗಿ ನೋಡುವವರೆಗೆ ಅವಳು ಕೈ ಇಳಿಸುತ್ತಿರಲಿಲ್ಲ.