ತೆಂಗಿನ ಗರಿ ಕತ್ತರಿಸಿದವರು ಯಾರು?

ಉಡಿಗಾಲದ ಚಿಕ್ಕಮಲ್ಲಪ್ಪನವರ ಹೊಲದ ಬದುವಿನಲ್ಲಿ ಎಳೆಯ ತೆಂಗಿನ ಮರಗಳಿವೆ. ಈ ಸಲ ಶ್ರಾವಣದ ಹೊತ್ತಿಗೆ ಬಿಚ್ಚಿದ ಹೊಸ ಗರಿಗಳೆಲ್ಲ ಎರಡೂ ಕಡೆ ಕತ್ತರಿ ಆಡಿಸಿದ ಹಾಗೆ ತುಂಡಾಗಿದ್ದವು. ಒಂದು ಸಸಿಯಂತೂ ಸುಳಿ ಕೊಳೆತು ಸತ್ತೇ ಹೋಯಿತು. ನೀರು ಹೊತ್ತು ಸಾಕಿದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ಉರಿ ಹೋಗಿ ತಾಕಿದ್ದು ಪಕ್ಕದ ಹೊಲದ ತಮ್ಮ ಮೃತ್ಯುಂಜಯನಿಗೆ. ಅರಿಶಿನ ನಾಟಿ ಮಾಡುವಾಗ ಅವನು, "ಅಣ್ಣ, ನಿನ್ ತೆಂಗು ನನ್ ಅರಿಸ್ನಕ್ಕೆ ನೆರಳು ಬುಡ್ತದೆ. ಒಂದಿನ ಗರಿ ಕತ್ತರಿಸ್ಬುಡ್ತೀನಿ ನೋಡು" ಎಂದು ನಕ್ಕಿದ್ದ. ಆಗ ಅಣ್ಣನೂ ನಕ್ಕಿದ್ದರು. ಈಗ ಅದೇ ಮಾತು ಬೇರೆ ಥರ ಕೇಳಿಸತೊಡಗಿತು.

"ಸೋಮವಾರ ಅವನ ಮಗಳ ವೀಳ್ಯಶಾಸ್ತ್ರಕ್ಕೆ ನಾನು ಬರಕಿಲ್ಲ" ಎಂದು ಹೆಂಡತಿ ಗಂಗಾಂಬಿಕೆಗೆ ಹೇಳಿಬಿಟ್ಟರು. ತಮ್ಮನ ಮನೆಗೂ ಮಾತು ಮುಟ್ಟಿತು. ದೊಡ್ಡಪ್ಪನೇ ನಿಂತು ತಾಂಬೂಲ ಬದಲಾಯಿಸಬೇಕಾದ ಕಾರ್ಯ. ಅವರೇ ಬರದಿದ್ದರೆ ಬೀಗರ ಮುಂದೆ ಹುಡುಗಿ ತಲೆ ತಗ್ಗಿಸಬೇಕು. ಗಂಗಾಂಬಿಕೆಗೆ ಅನ್ನ ಸೇರಲಿಲ್ಲ.

ಮಾರನೆಯ ದಿನ ಚಾಮರಾಜನಗರದ ಎಳನೀರು ವ್ಯಾಪಾರಿ ರಜಾಕ್ ಬಂದರು. ಈ ಮನೆಗೆ ಹಳೆಯ ಪರಿಚಯ. ಗಂಗಾಂಬಿಕೆ ಅವರನ್ನು ನೇರವಾಗಿ ಬದುವಿಗೆ ಕರೆದುಕೊಂಡು ಹೋದರು.

"ರಜಾಕಣ್ಣ, ನೀನಾದ್ರೂ ನೋಡಿ ಏಳು. ಇದು ಕುಡ್ಲಲ್ಲಿ ಕತ್ತರಿಸಿರದಾ?"

ರಜಾಕ್ ಒಂದು ಮರದ ಸುಳಿಯ ಹತ್ತಿರ ಬಗ್ಗಿ ನೋಡಿದರು. ಅಲ್ಲೊಂದು ತೂತು. ತೂತಿನ ಬಾಯಲ್ಲಿ ಅಗಿದು ಉಗಿದ ನಾರು. ತಂತಿಯ ತುದಿಯನ್ನು ಕೊಕ್ಕೆ ಮಾಡಿ ಒಳಗೆ ಬಿಟ್ಟು ಎಳೆದರು. ಹೆಬ್ಬೆರಳು ಗಾತ್ರದ ಕರಿ ದುಂಬಿಯೊಂದು ಈಚೆ ಬಂತು. ಮೈ ಮಿರಮಿರ ಮಿಂಚುತ್ತಿತ್ತು. ಕಾಲಿನಲ್ಲಿ ಮುಳ್ಳು, ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂಟಿ ಕೊಂಬು.

"ಇವ್ನೇ ಅಕ್ಕ, ಕಳ್ಳ. ಕೊಂಬಿನ ದುಂಬಿ. ಉದ್ದ ಕೊಂಬಿದ್ರೆ ಗಂಡು, ಮೋಟು ಕೊಂಬಿದ್ರೆ ಹೆಣ್ಣು. ಹಗಲೊತ್ತು ಅವಿತ್ಕಂಡಿದ್ದು, ಕತ್ಲಾದ್ರೆ ಹಾರ್ತಾನೆ."

ಹಿಂದೆಯೇ ಬಂದಿದ್ದ ಚಿಕ್ಕಮಲ್ಲಪ್ಪ ಒಪ್ಪಲಿಲ್ಲ. "ತೂತು ಕೊರೀತದೆ, ಸರಿ ಕಣಪ್ಪ. ಇಂಗೆ ಎರಡೂ ಕಡೆ ಸಮವಾಗಿ ಕತ್ತರಿಸಾಕೆ ಅದೇನು ಟೈಲರ್ ಅಂಗಡಿ ಮಡಗಿತ್ತಾ?"

"ಒಂದು ವೀಳ್ಯದೆಲೆ ಕೊಡಿ ಮಲ್ಲಪ್ಪಣ್ಣ" ಎಂದರು ರಜಾಕ್. ಎಲೆಯನ್ನು ಉದ್ದಕ್ಕೆ ಮಡಿಸಿ, ಅಂಚನ್ನು ಒಂದೇ ಸಲ ಕಚ್ಚಿ, ಬಿಡಿಸಿ ತೋರಿಸಿದರು. ಎಲೆಯ ಎರಡೂ ಕಡೆ ಒಂದೇ ಅಳತೆಯ ಕಚ್ಚು ಮೂಡಿತ್ತು.

"ಸುಳಿಯೊಳಗೆ ಗರಿ ಇಂಗೇ ಮಡಿಸ್ಕಂಡಿರ್ತದೆ. ದುಂಬಿ ಅಲ್ಲೇ ಅಗೀತದೆ. ಎಷ್ಟೋ ದಿನ ಕಳೆದು ಗರಿ ಬಿಚ್ಚಿದಾಗ ನಮ್ಗೆ ಕಾಣ್ತದೆ."

ಚಿಕ್ಕಮಲ್ಲಪ್ಪ ಎಲೆಯನ್ನು ಗರಿಯ ಪಕ್ಕ ಹಿಡಿದು ನೋಡಿದರು.

"ಎಲ್ಲಿಂದ ಬಂತು ಈ ಪೀಡೆ?" ಗಂಗಾಂಬಿಕೆ ಕೇಳಿದರು.

"ನಿಮ್ ತಿಪ್ಪೆ ಕೆದಕಿ ನೋಡನ ಬನ್ನಿ."

ತಿಪ್ಪೆ ಅಲ್ಲೇ ತೆಂಗಿನ ಪಕ್ಕದಲ್ಲಿತ್ತು. ಹೋದ ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಗುದ್ದಲಿ ಹಾಕಿದರೆ ದಪ್ಪ ದಪ್ಪ ಬಿಳಿ ಹುಳುಗಳು, ಕಂದು ತಲೆ, ಸುರುಟಿಕೊಂಡ ಮೈ.

"ಅಯ್, ಇದು ಗೊಣ್ಣೆ ಉಳ ಕಣಪ್ಪ!" ಎಂದರು ಚಿಕ್ಕಮಲ್ಲಪ್ಪ. "ಇದಿದ್ರೆ ಗೊಬ್ಬರ ಹದವಾಯ್ತದೆ ಅಂತ ನಮ್ಮಪ್ಪ ಏಳೋರು. ಅದ್ಕೇ ಮುಟ್ದೆ ಬುಟ್ಟಿದ್ದೆ."

"ಇದೇ ಆ ದುಂಬಿ ಮರಿ ಅಣ್ಣ. ತಾಯಿ ದುಂಬಿ ಹಳೇ ತಿಪ್ಪೆಲಿ, ಕೊಳೆತ ತೆಂಗಿನ ಬೊಡ್ಡೆಲಿ ಮೊಟ್ಟೆ ಇಡ್ತದೆ. ಮೊಟ್ಟೆ ಒಡೆದು ಬಂದ ಹುಳ ತಿಂಗಳುಗಟ್ಟಲೆ ಗೊಬ್ಬರ ತಿಂದು ಕೊಬ್ಬುತ್ತದೆ. ಆಮೇಲೆ ಅಲ್ಲೇ ಗೂಡು ಮಾಡ್ಕಂಡು ಮಲಗ್ತದೆ. ಎದ್ದಾಗ ರೆಕ್ಕೆನೂ ಬಂದಿರ್ತದೆ, ಕೊಂಬೂ ಬಂದಿರ್ತದೆ. ನೇರ ತೆಂಗಿನ ಸುಳಿಗೇ ಹೋಯ್ತದೆ. ಗುಂಡ್ಲುಪೇಟೆಲಿ ನಮ್ ಮಾವನ ತೋಟಕ್ಕೂ ಬಿದ್ದಿತ್ತು. ತೋಟಗಾರಿಕೆ ಇಲಾಖೆಯೋರು ಬಂದು ಎಲ್ಲಾ ಹೇಳ್ಕೊಟ್ರು."

ಚಿಕ್ಕಮಲ್ಲಪ್ಪ ಗುದ್ದಲಿ ಕೆಳಗಿಟ್ಟರು. "ನಾನೇ ಸಾಕಿದ ಉಳ ನನ್ ಮರ ತಿಂತು. ನಾನು ಒಡಹುಟ್ಟಿದೋನ ಮ್ಯಾಲೆ ಅನುಮಾನ ಪಟ್ಕಂಡು ಕುಂತಿದ್ದೆ" ಎಂದರು. ನಾಚಿಕೆಯಿಂದ ಅವರ ಕಣ್ಣು ತುಂಬಿತ್ತು.

ಅಲ್ಲಿಂದಲೇ ತಮ್ಮನ ಮನೆಗೆ ನಡೆದರು. ದುಂಬಿಯನ್ನು ಜಗಲಿಯ ಮೇಲಿಟ್ಟು ಎಲ್ಲವನ್ನೂ ಹೇಳಿದರು. "ತಪ್ಪು ತಿಳ್ಕಬುಟ್ಟೆ ಕಣ್ಲಾ, ಮೃತ್ಯುಂಜಯ."

ಮೃತ್ಯುಂಜಯ ದುಂಬಿಯನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ದೊಡ್ಡಪ್ಪ ಯಾಕೆ ಬರಲ್ವಂತೆ ಅಂತ ಮಗ್ಳು ನಿನ್ನೆಯಿಂದ ಅಳ್ತಾ ಅವ್ಳೆ. ಮೊದ್ಲು ಒಳೀಕ್ ಓಗಿ ಅವಳನ್ನ ಮಾತಾಡ್ಸು. ಆಮೇಲೆ ನನ್ ತಿಪ್ಪೆನೂ ಕೆದಕಿ ನೋಡನ."

ಅಣ್ಣತಮ್ಮಂದಿರು ಸೇರಿ ಎರಡೂ ತಿಪ್ಪೆ ಬಗೆದರು. ಕೋಳಿಗಳಿಗೆ ಹಬ್ಬವೋ ಹಬ್ಬ. ಗೊಬ್ಬರವನ್ನು ತೆಂಗಿನಿಂದ ದೂರ ಸಾಗಿಸಿ, ಇಲಾಖೆಯವರನ್ನು ಕೇಳಿ ಹುಳು ಕೊಲ್ಲುವ ಹಸಿರು ಶಿಲೀಂಧ್ರದ ಪುಡಿ ತಂದು ಬೆರೆಸಿದರು. ಸುಳಿಯ ಸುತ್ತಲಿನ ಗರಿಗಳ ಸಂದಿಗೆ ಬೇವಿನ ಹಿಂಡಿ ಮತ್ತು ಮರಳು ತುಂಬಿದರು. ಸೋಮವಾರ ದೊಡ್ಡಪ್ಪನೇ ನಿಂತು ಬೀಗರೊಡನೆ ತಾಂಬೂಲ ಬದಲಾಯಿಸಿದರು.

ಅಣ್ಣಂದಿರೇ, ಅಕ್ಕಂದಿರೇ, ತಿಪ್ಪೆಯನ್ನು ವರ್ಷಗಟ್ಟಲೆ ಮುಟ್ಟದೆ ಬಿಡಬೇಡಿ. ಆಗಾಗ ಬಗೆದು ಹುಳು ಆರಿಸಿ. ಸತ್ತ ತೆಂಗಿನ ಬೊಡ್ಡೆ ತೋಟದಲ್ಲಿ ಕೊಳೆಯಲು ಬಿಡಬೇಡಿ. ಸುಳಿಯಲ್ಲಿ ತೂತು ಕಂಡರೆ ಕೊಕ್ಕೆ ಹಾಕಿ ದುಂಬಿ ತೆಗೆಯಿರಿ, ಹತ್ತಿರದ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಗರಿ ತುಂಡಾಗಿದ್ದು ಕಂಡ ದಿನ ಪಕ್ಕದ ಹೊಲದವರನ್ನು ಬೈಯುವ ಮುಂಚೆ ನಿಮ್ಮ ತಿಪ್ಪೆಗೆ ಒಂದು ಗುದ್ದಲಿ ಹಾಕಿ ನೋಡಿ.