ನೋಡಿ ಕಲಿತ ಕಾಲರ್

ರಸ್ತೆ ತಿರುವಿನ ದರ್ಜಿ ಅಂಗಡಿಯಲ್ಲಿ ಆ ಸಂಜೆ ಹೊಲಿಗೆ ಯಂತ್ರ ನಿಂತಿತ್ತು. ದರ್ಜಿಯ ಬಾಯಿ ಮಾತ್ರ ನಿಂತಿರಲಿಲ್ಲ.

"ಎಲ್ಲಾ ಆ ಫೋನಿಂದಲೇ! ವಿಜ್ಞಾನದಲ್ಲಿ ಫೇಲು! ನಾಳೆ ಬೆಳಿಗ್ಗೆ ಅದನ್ನ ಮಾರಿಬಿಡ್ತೀನಿ, ಅಷ್ಟೇ."

ಹತ್ತನೇ ತರಗತಿಯ ಮಗಳು ಪುಟ್ಟಿ ಬಟ್ಟೆ ಕತ್ತರಿಸುವ ಮೇಜಿನ ಆಚೆ ನಿಂತು ಕಣ್ಣೊರೆಸಿಕೊಂಡಳು. "ಟೀಚರ್ ಪಾಠ ಕಳಿಸೋದು ಅದರಲ್ಲೇ ಅಪ್ಪಾ. ದೊಡ್ಡ ಪರೀಕ್ಷೆ ಹತ್ತಿರ ಬಂತು. ಅದಿಲ್ಲದೆ ಹೇಗೆ ಪಾಸಾಗಲಿ?"

"ಇದ್ದಾಗ ಏನು ಪಾಸಾದೆ?"

ಪುಟ್ಟಿ ದಿನವೂ ಪಾಠದ ವಿಡಿಯೊ ನೋಡಿದ್ದಳು, ನಿಜ. ಪ್ರಶ್ನೆಪತ್ರಿಕೆ ಎದುರಿಗೆ ಬಂದಾಗ ಒಂದೂ ನೆನಪಾಗಲಿಲ್ಲ, ಅದೂ ನಿಜ.

ಗುಂಡಿ ಹಾಕುತ್ತಿದ್ದ ಅಮ್ಮ ತಲೆಯೆತ್ತಿದಳು. "ನೆಗಡಿ ಬಂತು ಅಂತ ಮೂಗು ಕೊಯ್ಕೋತೀರಾ?"

"ಫೋನು ಮಕ್ಕಳ ತಲೆ ಕೆಡಿಸುತ್ತೆ ಅಂತ ಡಾಕ್ಟರೇ ಹೇಳಿದ್ದಾರೆ ಕಣೇ!"

"ಯಾವ ಡಾಕ್ಟರು?"

"ಅದೇ... ಫೋನಲ್ಲಿ ಬಂದಿತ್ತು."

ಅಮ್ಮ ನಗು ತಡೆಯಲು ದಾರ ಕಚ್ಚಿಕೊಂಡಳು. ಅಷ್ಟರಲ್ಲಿ ಬಾಗಿಲಿಗೆ ಬಂದವರು ಪ್ರಶ್ನೆ ಮೇಡಂ. ಮಕ್ಕಳು ಫೋನಿನಿಂದ ಏನು ಕಲಿಯುತ್ತಾರೆ, ಹೇಗೆ ಕಲಿಯುತ್ತಾರೆ ಎಂದು ಮನೆಮನೆಗೆ ಹೋಗಿ ಸಂಶೋಧನೆ ಮಾಡುವವರು. ಸಿಕ್ಕವರಿಗೆಲ್ಲ ಪ್ರಶ್ನೆ ಕೇಳುವುದರಿಂದ ಬೀದಿಯವರೇ ಇಟ್ಟ ಹೆಸರು ಅದು. ತಮ್ಮ ಕೋಟನ್ನು ಹೊಸ ಕಾಲರ್ ಹಾಕಲು ಕೊಟ್ಟಿದ್ದರು.

ದರ್ಜಿ ಒಲ್ಲದ ಮನಸ್ಸಿನಿಂದ ಕೋಟು ತೆಗೆದುಕೊಟ್ಟ.

"ಇದೇನು ಯಜಮಾನ್ರೇ, ಒಂದು ತುದಿ ಆಕಾಶ ನೋಡ್ತಿದೆ, ಇನ್ನೊಂದು ನೆಲ ನೋಡ್ತಿದೆ?"

"ಬಟ್ಟೆ ಸರಿ ಇಲ್ಲ ಮೇಡಂ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಳು ಅಮ್ಮ. "ಹೊಸ ನಮೂನೆ ಕಾಲರು ಮೇಡಂ. ಇವರು ಫೋನಲ್ಲಿ ಮೂರು ಸಲ ನೋಡಿದ್ರು, ನಿಮ್ಮ ಬಟ್ಟೆಗೆ ಕತ್ತರಿ ಹಾಕೇಬಿಟ್ರು."

ದರ್ಜಿಯ ಮುಖ ಸಣ್ಣದಾಯಿತು. "ನೋಡುವಾಗ ಎಲ್ಲಾ ಬರುತ್ತೆ ಅನ್ನಿಸ್ತು ಮೇಡಂ. ಕತ್ತರಿ ಹಿಡಿದ ಮೇಲೆ ಏನೂ ಬರ್ತಿಲ್ಲ ಅಂತ ಗೊತ್ತಾಯ್ತು."

"ನನಗೂ ಹಾಗೇ ಆಗಿದ್ದು ಅಪ್ಪಾ," ಎಂದಳು ಪುಟ್ಟಿ ಮೆಲ್ಲಗೆ.

ದರ್ಜಿ ಕಾಲರ್ ನೋಡಿದ, ಮಗಳ ಮುಖ ನೋಡಿದ.

ಕೋಟಿನ ಚಿಂತೆ ಬಿಟ್ಟು ಮೇಡಂ ಸ್ಟೂಲೆಳೆದು ಕುಳಿತರು. "ನಾನು ಮಾತಾಡಿಸಿದ ಮನೆಗಳಲ್ಲಿ ಫೋನಿಂದ ಕಲಿತ ಮಕ್ಕಳೂ ಇದ್ರು, ಹಿಂದೆ ಬಿದ್ದ ಮಕ್ಕಳೂ ಇದ್ರು. ಕಲಿತವರು ಏನು ಮಾಡ್ತಿದ್ರು ಗೊತ್ತಾ? ಸ್ವಲ್ಪ ನೋಡಿ ಫೋನ್ ಮಗುಚಿಡ್ತಿದ್ರು. ಆಮೇಲೆ ನೋಡದೆ ಬರೀತಿದ್ರು, ಇಲ್ಲಾ ಯಾರಿಗಾದ್ರೂ ಹೇಳಿಕೊಡ್ತಿದ್ರು. ತಡವರಿಸಿದ ಕಡೆಗೆ ವಾಪಸ್ ಹೋಗಿ ಮತ್ತೆ ನೋಡ್ತಿದ್ರು."

"ಮಧ್ಯೆ ಟಿಂಗ್ ಟಿಂಗ್ ಅಂತ ಗೆಳತಿಯರ ಮೆಸೇಜು ಬರುತ್ತಲ್ಲಾ?" ಅಮ್ಮ ಕೇಳಿದಳು.

"ಪಾಠದ ಹೊತ್ತಲ್ಲಿ ಆ ಸದ್ದು ಬಂದ್ ಮಾಡಿ. ಬಟ್ಟೆ ಕತ್ತರಿಸುವಾಗ ಯಾರಾದ್ರೂ ಮೊಣಕೈ ತಟ್ಟಿದ್ರೆ ಹೇಗೆ? ಈ ನಿಯಮ ದೊಡ್ಡವರಿಗೂ ಇರಲಿ."

"ಊಟಕ್ಕೆ ಕೂತಾಗ್ಲೂ?" ಅಮ್ಮ ಗಂಡನ ಕಡೆ ನೋಡಿದಳು.

"ಊಟಕ್ಕೆ ಕೂತಾಗ್ಲೂ."

ದರ್ಜಿ ಕೊರಳಲ್ಲೇ ಇದ್ದ ಅಳತೆ ಟೇಪನ್ನು ಮೇಜಿನ ಕೆಳಗೆ ಹುಡುಕತೊಡಗಿದ. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, "ಇವಳು ಯಾರಿಗೆ ಹೇಳಿಕೊಡ್ಬೇಕು ಮೇಡಂ? ನನಗೆ ವಿಜ್ಞಾನ ಬರಲ್ಲ," ಎಂದ.

"ಬರದೇ ಇರೋರಿಗೇ ಹೇಳಿಕೊಡ್ಬೇಕು. ಗೊತ್ತಿರೋರು ಸುಮ್ನೆ ತಲೆಯಾಡಿಸಿಬಿಡ್ತಾರೆ."

ಪುಟ್ಟಿ ಫೋನಿನಲ್ಲಿ ಕನ್ನಡಿಯ ಪಾಠ ನೋಡಿ, ಅದನ್ನು ಮಗುಚಿಟ್ಟಳು. ದರ್ಜಿಯ ಸೀಮೆಸುಣ್ಣದಿಂದಲೇ ಮೇಜಿನ ಮೇಲೆ ಗೆರೆ ಎಳೆದಳು. ಅಪ್ಪ ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು, "ನಾನು ಹಿಂದೆ ಸರಿದ್ರೆ ಒಳಗಿರೋನೂ ಯಾಕೆ ಸರೀತಾನೆ?" ಎಂದ. ಪುಟ್ಟಿ ತಡವರಿಸಿದಳು. ಯಾರೂ ಬೈಯಲಿಲ್ಲ. ಅಷ್ಟು ಭಾಗವನ್ನು ಮತ್ತೆ ನೋಡಿದಳು, ಫೋನ್ ಮಗುಚಿಟ್ಟಳು.

"ನೀನು ಕನ್ನಡಿಯಿಂದ ಎಷ್ಟು ದೂರ ಇದ್ದೀಯೋ, ನಿನ್ನ ಬಿಂಬಾನೂ ಕನ್ನಡಿ ಹಿಂದೆ ಅಷ್ಟೇ ದೂರದಲ್ಲಿ ಕಾಣುತ್ತೆ ಅಪ್ಪಾ. ಅದಕ್ಕೇ!"

ದರ್ಜಿ ಒಮ್ಮೆ ಹಿಂದೆ ಸರಿದ, ಒಮ್ಮೆ ಮುಂದೆ ಬಂದ. "ಇಷ್ಟು ವರ್ಷ ಈ ಕನ್ನಡಿ ಮುಂದೆ ಗಿರಾಕಿಗಳನ್ನ ನಿಲ್ಲಿಸಿದೀನಿ, ನನಗಿದು ಗೊತ್ತೇ ಇರಲಿಲ್ಲ," ಎಂದ. ಮಗಳ ಬಗ್ಗೆ ಅವನಿಗೆ ಹೆಮ್ಮೆ ಉಕ್ಕಿತು. ಫೋನ್ ಮಾರುವ ಮಾತು ಅಲ್ಲಿಗೇ ಮುಗಿಯಿತು.

ಅಂದಿನಿಂದ ಮೇಜಿನ ಒಂದು ಕಡೆ ಪುಟ್ಟಿಯ ಪಾಠ, ಇನ್ನೊಂದು ಕಡೆ ಚೂರುಬಟ್ಟೆಯ ಮೇಲೆ ಅಪ್ಪನ ಕಾಲರ್ ಅಭ್ಯಾಸ. ಪುಟ್ಟಿ ದೊಡ್ಡ ಪರೀಕ್ಷೆಯಲ್ಲಿ ವಿಜ್ಞಾನ ಪಾಸಾದಳು. ಆ ಸುದ್ದಿ ಕೇಳಲು ಬಂದ ಮೇಡಂ ಅವರ ಕೋಟಿನಲ್ಲಿ ಅಪ್ಪ ಮತ್ತೆ ಹೊಲಿದ ಕಾಲರ್ ನೆಟ್ಟಗೆ ಕುಳಿತಿತ್ತು.

ನಿಮ್ಮ ಮನೆಯಲ್ಲೂ ಫೋನಿನ ಜಗಳ ಇದೆಯಲ್ಲವೇ? ಇವತ್ತು ಅದನ್ನು ಕಸಿದುಕೊಳ್ಳಬೇಡಿ. ಮಗುವಿನ ಪಕ್ಕ ಕುಳಿತು, "ನೋಡಿದ್ದನ್ನು ನನಗೆ ಹೇಳಿಕೊಡು" ಅನ್ನಿ. ಮಗು ತಡವರಿಸಿದರೆ ಗದರಬೇಡಿ, ಕಲಿಯುವುದು ಶುರುವಾಗುವುದೇ ಅಲ್ಲಿಂದ. ಒಂದು ಮಾತು ಮಾತ್ರ ಮರೆಯಬೇಡಿ: ಮಗು ಹೇಳುವಷ್ಟು ಹೊತ್ತು ನಿಮ್ಮ ಫೋನೂ ಮಗುಚಿಯೇ ಇರಲಿ.